ನಾಲ್ಕು ಸ್ವರದ ಸ್ವೀಡಿಷ್ ಹಾಡು

ನನ್ನ ಗಂಡ ತೀರಿಕೊಂಡು ಹನ್ನೊಂದು ದಿನವಾದರೂ ನನಗೆ ಅಳು ಬಂದಿರಲಿಲ್ಲ. ಹನ್ನೊಂದು ಎಂದು ಎಣಿಸಿದವಳು ನಾನಲ್ಲ, ಈ ಪರದೇಶದ ಊರಿನ ನಮ್ಮ ಕನ್ನಡ ಕ್ರೈಸ್ತ ಸಭೆಯ ಹೆಂಗಸರು. ದಿನಕ್ಕೆ ಇಬ್ಬರಂತೆ ಬಂದು, ಡಬ್ಬಿ ತುಂಬ ಸಾರು, ಪಲ್ಯ ಫ್ರಿಜ್ಜಿನಲ್ಲಿಟ್ಟು, ಎದುರು ಕೂತು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನನ್ನ ಕಣ್ಣು ಕಾಯುತ್ತಿದ್ದರು. ನಾನು ಕಾಫಿ ಮಾಡಿಕೊಡುತ್ತಿದ್ದೆ. ಅವರು ಕುಡಿದು, ನಿಟ್ಟುಸಿರು ಬಿಟ್ಟು, ಬಾಗಿಲಲ್ಲಿ ಬೂಟು ಹಾಕಿಕೊಳ್ಳುತ್ತ ತಮ್ಮತಮ್ಮಲ್ಲೇ ಏನೋ ಹೇಳಿಕೊಂಡು ಹೋಗುತ್ತಿದ್ದರು.

ಇವರು ಎವರೆಟ್ಟಿನ ವಿಮಾನ ಕಾರ್ಖಾನೆಯಲ್ಲಿ ವೈರಿಂಗ್ ಪರೀಕ್ಷೆ ಮಾಡುವ ಕೆಲಸದಲ್ಲಿದ್ದರು. ಗಂಡನನ್ನು ನಾನು ಇಪ್ಪತ್ತೆಂಟು ವರ್ಷ 'ಇವರು' ಎಂದೇ ಹೇಳಿಕೊಂಡು ಬಂದವಳು, ಈಗ ಬದಲಾಯಿಸುವುದಿಲ್ಲ. ಫೆಬ್ರವರಿಯ ಒಂದು ಬೆಳಿಗ್ಗೆ, ಕಾರ್ಖಾನೆಗೆ ಒಟ್ಟಿಗೆ ಹೋಗುವ ವ್ಯಾನಿಗೆ ಕಾಯುತ್ತ ನಿಂತವರು ಪಾರ್ಕಿಂಗ್ ಲಾಟಿನಲ್ಲೇ ಕುಸಿದರು. ಹೃದಯ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮುಗಿದಿತ್ತು. ಫೋನ್ ಬಂದಾಗ ನಾನು ಊರಾಚೆ ಟಕ್ವಿಲಾದ ಗೋದಾಮಿನಲ್ಲಿದ್ದೆ. ಗಿರಾಕಿಗಳು ವಾಪಸು ಕಳಿಸಿದ ಸಾಮಾನನ್ನು ಬಿಚ್ಚಿ, ಯಾಕೆ ವಾಪಸು ಬಂತು ಎಂದು ಕಾರಣ ಬರೆದು, ಆಯಾ ಪೆಟ್ಟಿಗೆಗೆ ಹಾಕುವುದು ನನ್ನ ಕೆಲಸ. ಕೈಯಲ್ಲಿದ್ದ ಟೋಸ್ಟರಿಗೆ 'ಈಗ ಬೇಡವಾಗಿದೆ' ಎಂದು ಬರೆದು, ಪೆಟ್ಟಿಗೆಗೆ ಹಾಕಿ, ಕೈ ತೊಳೆದು, ಆಮೇಲೆ ಹೊರಟೆ. ಹಾಗೆ ಮಾಡಿದ್ದು ನೆನಪಿದೆ. ಯಾಕೆ ಎಂದು ಕೇಳಿದರೆ ನನಗೆ ಗೊತ್ತಿಲ್ಲ.

ಪೇಟೆ ನಡುವಿನ ಸೌತ್ ಲೇಕ್ ಯೂನಿಯನ್ನಿನಲ್ಲಿ ಕೆಲಸ ಮಾಡಿಕೊಂಡು ಅಲ್ಲೇ ಇರುವ ಮಗಳು ಬಂದು ಎರಡು ವಾರ ಜೊತೆಗಿದ್ದಳು. ಅವಳು ಅತ್ತಳು, ಚೆನ್ನಾಗಿ ಅತ್ತಳು. ಪ್ರತಿ ಸಂಜೆ, ಬಿಪಿ ಮಾತ್ರೆ ತಗೊಂಡೆಯಾ ಎಂದು ಕೇಳುವ ಹಾಗೆ, ಅತ್ತೆಯಾ ಅಮ್ಮಾ ಎಂದು ಇಂಗ್ಲಿಷಿನಲ್ಲಿ ಕೇಳುತ್ತಿದ್ದಳು. ಸಭೆಯ ಹಿರಿಯ ಹೆಂಗಸೊಬ್ಬರಂತೂ ಕೈ ಹಿಡಿದು, "ಅತ್ತುಬಿಡು ಮಾರಾಯ್ತಿ, ಹಗುರ ಆಗ್ತದೆ" ಎಂದರು. ನನಗೆ ಸಿಟ್ಟು ಬಂತು. ಅಳು ಎಂದರೆ ನಲ್ಲಿಯೇ, ತಿರುಗಿಸಿದರೆ ಬರಲಿಕ್ಕೆ? ಕೈ ಬಿಡಿಸಿಕೊಂಡು ಕಾಫಿಗೆ ನೀರಿಟ್ಟೆ. ನಿಜ ಹೇಳಬೇಕೆಂದರೆ ಅವರಿಗಿಂತ ಹೆಚ್ಚು ಹೆದರಿದವಳು ನಾನು. ಇಪ್ಪತ್ತೆಂಟು ವರ್ಷ ಜೊತೆಗೆ ಬಾಳಿದವನಿಗೆ ಒಂದು ಹನಿ ಇಲ್ಲ ಎಂದರೆ, ನಾನು ಈ ಮನುಷ್ಯನನ್ನು ಪ್ರೀತಿಸಿಯೇ ಇರಲಿಲ್ಲವೋ ಏನೋ. ಬರೀ ಅಡುಗೆ ಮಾಡಿ, ಬಟ್ಟೆ ಮಡಚಿ, ಕಾಲ ಕಳೆದೆನೋ ಏನೋ. ಆ ಯೋಚನೆಯೂ ಚುಚ್ಚಲಿಲ್ಲ. ಹಲ್ಲು ಕೀಳಿಸಿದ ಮೇಲೆ ದವಡೆ ಮುಟ್ಟಿ ನೋಡಿಕೊಂಡ ಹಾಗಿತ್ತು.

ಇನ್ನು ಆ ಹಾಡಿನ ವಿಷಯ. ಅದಕ್ಕೆ ಮೊದಲು ವ್ಯಾನಿನ ವಿಷಯ ಹೇಳಬೇಕು.

ಆ ವ್ಯಾನ್ ಓಡಿಸುತ್ತಿದ್ದವನು ಅದೇ ಕಾರ್ಖಾನೆಯಲ್ಲಿ ಕೆಲಸ ಮಾಡುವ ಸ್ವೀಡನ್ನಿನವನು. ಎತ್ತರದ ಆಳು, ಬಾಯಲ್ಲಿ ಬೆರಳಿಟ್ಟರೂ ಕಚ್ಚಲಾರ ಎಂಬಂಥ ಮುಖ. ಅವನೂ ಇನ್ನಿಬ್ಬರೂ ಸೇರಿ ಅವನ ಕಡೆಯ ಜನ ಹೆಚ್ಚಿರುವ ಬ್ಯಾಲರ್ಡಿನ ಒಂದು ಹಳೇ ಹಾಲ್‌ನಲ್ಲಿ ಶನಿವಾರ ಮಧ್ಯಾಹ್ನ ಹಾಡುತ್ತಿದ್ದರು. ಅವನು ಅಕಾರ್ಡಿಯನ್, ಒಬ್ಬ ಎಲೆಕ್ಟ್ರಿಕ್ ಗಿಟಾರ್, ಒಬ್ಬ ಡ್ರಮ್. ಅವರ ಹಳ್ಳಿಗಳ ಹಳೇ ರಾಗಕ್ಕೆ ರಾಕ್ ಸಂಗೀತದ ಅಬ್ಬರ ಸೇರಿಸಿ ತಾವೇ ಕಟ್ಟಿದ ಸ್ವೀಡಿಷ್ ಹಾಡುಗಳು. ದಿನಾ ಒಂದು ಗಂಟೆ ವ್ಯಾನಿನಲ್ಲಿ ಅದನ್ನೇ ಕೇಳಿ ಕೇಳಿ ಇವರಿಗೂ ಅದರ ಹುಚ್ಚು ಹಿಡಿಯಿತು. ಇವರು ಮಂಗಳೂರಿನಲ್ಲಿ ಚಿಕ್ಕಂದಿನಿಂದ ಚರ್ಚಿನಲ್ಲಿ ಪಿಟೀಲು ನುಡಿಸಿದವರು. ಆರು ವರ್ಷದ ಹಿಂದೆ ಪಿಟೀಲು ಹಿಡಿದುಕೊಂಡು ಹೋಗಿ ಆ ತಂಡದ ನಾಲ್ಕನೆಯವರಾದರು. ಒಂದಕ್ಷರ ಸ್ವೀಡಿಷ್ ಬಾರದಿದ್ದರೂ ಹಾಡಿನ ಮಾತನ್ನು ಕನ್ನಡ ಲಿಪಿಯಲ್ಲಿ ಬರೆದುಕೊಂಡು, ಅಡುಗೆಮನೆಯ ಪಕ್ಕದ ಗರಾಜಿನಲ್ಲಿ, ವಾಷಿಂಗ್ ಮೆಷೀನಿನ ಹತ್ತಿರ ನಿಂತು ಅಭ್ಯಾಸ ಮಾಡುತ್ತಿದ್ದರು. ನನಗೇನಾದರೂ ಹೇಳುವುದಿದ್ದರೆ ಒಲೆಯ ಮುಂದಿನಿಂದಲೇ "ಕೇಳಿದ್ರಾ?" ಎನ್ನುತ್ತಿದ್ದೆ. ಗರಾಜಿನಲ್ಲಿ ಪಿಟೀಲು ನಿಲ್ಲುತ್ತಿತ್ತು. ನಾನು ಹೇಳಿ ಮುಗಿಸಿದ ಮೇಲೆ ಮತ್ತೆ ಶುರುವಾಗುತ್ತಿತ್ತು.

ನಾನು ಅವರ ಸಂಗೀತ ಕಛೇರಿಗೆ ಹೋಗಿದ್ದು ಒಂದೇ ಸಲ, ಹೋದ ವರ್ಷ. ಮೂವತ್ತು ನಲವತ್ತು ಜನ, ಹೆಚ್ಚಿನವರು ವಯಸ್ಸಾದವರು, ಬ್ಯಾಂಕಿನ ಸಾಲಿನಲ್ಲಿ ಕೂತ ಹಾಗೆ ಕೂತಿದ್ದರು. ಕೊನೆಯ ಹಾಡು ನಿಧಾನದ್ದು, ಎದೆ ಭಾರ ಮಾಡುವಂಥದ್ದು. ಯಾರೂ ಅಲುಗಲಿಲ್ಲ. ಒಬ್ಬ ಮುದುಕಿ ಮಾತ್ರ ಭುಜ ನಡುಗಿಸುತ್ತ ಕಣ್ಣೊರೆಸಿಕೊಂಡಳು, ಆಮೇಲೆ ತಾನಾಗಿ ಎದ್ದು ಹೋಗಿ ಎಲ್ಲರ ಕಾಫಿ ಕಪ್ ತೊಳೆದಳು. ಎಂಥ ಭಕ್ತಿ ಎಂದುಕೊಂಡೆ. ಮನೆಗೆ ಬರುವಾಗ ಆ ಹಾಡಿನ ಅರ್ಥ ಎಂತ ಎಂದು ಇವರನ್ನು ಕೇಳಿದೆ. ಇವರು ರಸ್ತೆಯಿಂದ ಕಣ್ಣು ತೆಗೆಯದೆ, "ಕಳಕೊಂಡವನೊಬ್ಬ ಮೇಲಿನವರಿಗೆ ಮೊರೆ ಇಡ್ತಾನೆ. ಉತ್ತರಕ್ಕೆ ಕಾಯ್ತಾನೆ. ಅಷ್ಟೇ" ಎಂದರು. ಉತ್ತರ ಬರುತ್ತದಾ ಎಂದೆ. "ಬರ್ತದೆ. ಕಾಯ್ಬೇಕು" ಎಂದರು.

ನಂಬಿದೆ. ನಂಬಬಾರದಿತ್ತು. ಇವರು ಮುಖ ಒಂದಿಷ್ಟೂ ಕದಲಿಸದೆ ಜನರನ್ನು ಆಟವಾಡಿಸುವುದರಲ್ಲಿ ಪಳಗಿದವರು. ನನ್ನ ಅಮ್ಮ ಇಲ್ಲಿಗೆ ಬಂದಿದ್ದಾಗ, ಹಿತ್ತಲಲ್ಲಿ ಬಟ್ಟೆ ಒಣಗಿಸಲು ಈ ಊರಲ್ಲಿ ಇನ್‌ಸ್ಪೆಕ್ಟರ್ ಬಂದು ಒಪ್ಪಿಗೆ ಕೊಡಬೇಕು ಎಂದು ನಂಬಿಸಿದ್ದರು. ಅಮ್ಮ ಒಳ್ಳೆಯ ಸೀರೆ ಉಟ್ಟು ಎರಡು ದಿನ ಇನ್‌ಸ್ಪೆಕ್ಟರಿಗೆ ಕಾದಳು. ಅಂಥವರು ಹೇಳಿದ್ದನ್ನು ನಾನು ನಂಬಿದ್ದಕ್ಕೆ ಕಾರಣ ಆ ರಾಗ. ನಮ್ಮ ಕಡೆಯ ಚರ್ಚುಗಳಲ್ಲಿ ಹಾಡುವ ಕನ್ನಡ ಗೀತೆಗಳ ರಾಗ ಬಹಳಷ್ಟು ಜರ್ಮನ್ ಪಾದ್ರಿಗಳು ತಂದದ್ದು. ಅಜ್ಜಿಯ ಕಾಲದಿಂದ ನಮ್ಮ ಕಿವಿ ಹಾಗೆ ತಯಾರಾಗಿದೆ. ಯುರೋಪಿನ ಕಡೆಯ ರಾಗ, ಅದೂ ನಿಧಾನ, ಅದೂ ದುಃಖದ್ದು ಎಂದರೆ ನಮಗೆ ಅದು ಕೀರ್ತನೆಯೇ. ಬೇರೇನಾದರೂ ಆಗಿರಬಹುದು ಎಂದು ತಲೆಗೇ ಹೊಳೆಯುವುದಿಲ್ಲ.

ನಲವತ್ತನೇ ದಿನಕ್ಕೆ ಸ್ಮರಣೆಯ ಪ್ರಾರ್ಥನೆ ಇಡಬೇಕು ಎಂದು ಸಭೆಯವರು ಹೇಳಿದರು. ಯಾವ ಗೀತೆ ಬೇಕು ಎಂದು ಕೇಳಿದರು. ನನಗೆ ಯಾವುದೂ ಬೇಕಿರಲಿಲ್ಲ. ಆ ಸಂಜೆ ಪಿಟೀಲಿನ ಪೆಟ್ಟಿಗೆ ತೆಗೆದೆ. ಒಳಗೆ ಮಡಚಿಟ್ಟ ಹಾಳೆ, ಇವರ ಗುಂಡು ಅಕ್ಷರದಲ್ಲಿ ಆ ಹಾಡು ಪೂರ್ತಿ ಕನ್ನಡ ಲಿಪಿಯಲ್ಲಿತ್ತು. ಮೆಲ್ಲಗೆ ಗುನುಗಿದೆ. ಎರಡನೇ ಸಾಲಿಗೆ ಬರುವಾಗ ದನಿ ಒಡೆದು ಹಾಡು ನಿಂತಿತು. ಇವರು ಹೋದ ಮೇಲೆ ಮೊದಲ ಸಲ ಒಳಗೆ ಏನೋ ಆದದ್ದು ಅದು. ಸಾಕು, ಈ ಹಾಡು ಹಾಡಿಸಿದರೆ ಅಳು ಬಂದೀತು ಎಂದುಕೊಂಡೆ. ನನಗೆ ಬೇಕಾಗಿದ್ದದ್ದು ಅಷ್ಟೇ. ಎಲ್ಲರೂ ನೋಡುತ್ತಿರುವಾಗ, ನಾನೂ ನೋಡುತ್ತಿರುವಾಗ, ಇವರಿಗಾಗಿ ಒಂದು ಸಲ ಅತ್ತುಬಿಡಬೇಕು.

ಹಾಳೆಯನ್ನು ಇಡೀ ಸಭೆಗಾಗುವಷ್ಟು ಪ್ರತಿ ಜೆರಾಕ್ಸ್ ಮಾಡಿಸಿದೆ. ಕನ್ನಡ ಓದಲು ಬಾರದ ಮಕ್ಕಳಿಗಾಗಿ ಮಗಳು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಟ್ಟಳು. ನಮ್ಮವರಿಗೆ ಹಾಡು ಎಂದರೆ ನಾಲ್ಕು ಸ್ವರದಲ್ಲಿ ಇರಬೇಕು, ಹೆಂಗಸರದ್ದು ಮೇಲಿನದು ಕೆಳಗಿನದು, ಗಂಡಸರದ್ದು ಮೇಲಿನದು ಕೆಳಗಿನದು. ಒಂದೇ ಸ್ವರದಲ್ಲಿ ಹಾಡುವವರನ್ನು ಕಂಡರೆ ನಮಗೆ ಒಳಗೊಳಗೇ ಸಣ್ಣ ತಾತ್ಸಾರ. ಸಭೆಯಲ್ಲಿ ಹಾಡು ಕಲಿಸುವವಳು ನಾನು, ಹಾಗಾಗಿ ನಾನೇ ಕೂತು ನಾಲ್ಕು ಸ್ವರ ಕೂಡಿಸಿದೆ. ಮೂರು ಭಾನುವಾರ ನಮ್ಮ ಹಾಲ್‌ನಲ್ಲಿ ಅಭ್ಯಾಸ ನಡೆಯಿತು. ಅರ್ಥ ಗೊತ್ತಿಲ್ಲದಿದ್ದರೂ ಪಲ್ಲವಿಯ ಕೊನೆಯ ಸಾಲಿನಲ್ಲಿ ಉಸಿರು ಎಲ್ಲಿ ಬಿಡಬೇಕು, ಯಾವ ಮಾತಿಗೆ ಒತ್ತು ಕೊಡಬೇಕು ಎಂದು ಗದರಿ ಗದರಿ ಕಲಿಸಿದೆ. ಕೆಳಗಿನ ಸ್ವರ ಹಾಡುವ ಹಿರಿಯರೊಬ್ಬರು ಎರಡನೇ ವಾರವೇ, ಇದು ನಮ್ಮ ಹಳೇ ಗೀತೆ ಪುಸ್ತಕದಲ್ಲಿ ಇದ್ದದ್ದೇ, ಮುನ್ನೂರರ ಆಚೆ ಎಲ್ಲೋ ಉಂಟು ಎಂದು ಸಾಧಿಸಿದರು. ಯಾರೂ ಇಲ್ಲ ಎನ್ನಲಿಲ್ಲ.

ಸ್ವೀಡನ್ನಿನವನಿಗೆ ಫೋನ್ ಮಾಡಿ, ಅಕಾರ್ಡಿಯನ್ ತರಬೇಕು, ಉಳಿದಿಬ್ಬರೂ ಬರಬೇಕು ಎಂದೆ. ಯಾವ ಹಾಡು ಎಂದು ಕೇಳಿದ. ಮೊದಲ ಸಾಲು ಗುನುಗಿದೆ. ಇನ್ನೊಂದು ಸಲ ಗುನುಗಿ ಎಂದ. ಅರ್ಥ ಗೊತ್ತಾ ಎಂದು ಕೇಳಿದ. ಇವರು ಹೇಳಿದ್ದನ್ನು ಹಾಗೆಯೇ ಹೇಳಿದೆ, ಕಳಕೊಂಡವನು, ಮೊರೆ, ಕಾಯುವುದು. ಕೊನೆಗೆ, ಅವನು ಸರಿಯಾಗಿಯೇ ಹೇಳಿದ್ದಾನೆ, ನಾವು ಬರುತ್ತೇವೆ ಎಂದ.

ಆ ದಿನ ಬಾಡಿಗೆಗೆ ಹಿಡಿದ ಚರ್ಚಿನಲ್ಲಿ ಅರವತ್ತು ಜನ ಸೇರಿದ್ದರು. ತಂಡದ ಮೂವರೂ ಕಪ್ಪು ಕೋಟು ಹಾಕಿಕೊಂಡು, ಕಡೆದಿಟ್ಟ ಕಲ್ಲಿನಂಥ ಮುಖ ಮಾಡಿಕೊಂಡು ಎಡಬದಿಗೆ ಕೂತರು. ನಾನು ಕೈ ಎತ್ತಿದೆ, ಹಾಡು ಎದ್ದಿತು. ಇಷ್ಟು ಚೆನ್ನಾಗಿ ನಮ್ಮವರು ಯಾವತ್ತೂ ಹಾಡಿದ್ದಿಲ್ಲ. ಎರಡನೇ ಸಲ ಪಲ್ಲವಿ ಬರುವಾಗ ಕೂತವರೂ ಹಾಳೆ ನೋಡಿಕೊಂಡು ಸೇರಿಕೊಂಡರು. ಪಾದ್ರಿಗಳು ಕಣ್ಣು ಮುಚ್ಚಿದರು. ಮಗಳು ಅತ್ತಳು, ಹೆಂಗಸರು ಅತ್ತರು, ಕೆಳಸ್ವರದ ಹಿರಿಯರು ಹಾಡುತ್ತಲೇ ಅತ್ತರು. ಮೂರನೇ ಚರಣದಲ್ಲಿ ಡ್ರಮ್ ನುಡಿಸುವವನು ಬಾಯಿಗೆ ಕರವಸ್ತ್ರ ಒತ್ತಿಕೊಂಡು ಹೊರಗೆ ಓಡಿದ. ಪಾಪ ಎಂದು ಹೆಂಗಸೊಬ್ಬರು ಟಿಶ್ಯೂ ಪೆಟ್ಟಿಗೆ ಹಿಡಿದು ಹಿಂದೆ ಹೋದರು. ಅಕಾರ್ಡಿಯನ್ನಿನವನ ಕಣ್ಣಿಂದ ನೀರು ಧಾರಾಕಾರ ಇಳಿಯುತ್ತಿತ್ತು, ಕೈ ಮಾತ್ರ ತಪ್ಪಲಿಲ್ಲ.

ನಾನು ಅಳಲಿಲ್ಲ. ಹಾಡು ಮುಗಿಯಿತು, ಕೈ ಇಳಿಸಿದೆ, ಕೂತೆ. ಅವತ್ತು ಗುನುಗುವಾಗ ಒಳಗೆ ಆದದ್ದೂ ಮತ್ತೆ ಆಗಲಿಲ್ಲ. ಪಾದ್ರಿಗಳು, ಅರ್ಥವಾಗದಿದ್ದರೂ ಆತ್ಮಕ್ಕೆ ಮುಟ್ಟಿತು ಎಂದು ಹೇಳಿದರು. ಆಮೇಲೆ ಕಾಫಿ, ಉಪ್ಪಿಟ್ಟು. ಎಲ್ಲ ಆದ ಮೇಲೆ ನೋಡಿದರೆ ಆ ಮೂವರು ಅಂಗಿಯ ತೋಳು ಮಡಚಿಕೊಂಡು ಅಡುಗೆಮನೆಯಲ್ಲಿ ಸಾಲಾಗಿ ನಿಂತು ಅರವತ್ತು ಕಪ್ ತೊಳೆಯುತ್ತಿದ್ದರು. ಬೇಡ ಎಂದರೂ ಬಿಡಲಿಲ್ಲ. ನಮ್ಮವರೆಲ್ಲ, ನೋಡಿ, ಸ್ನೇಹ ಎಂದರೆ ಇದು ಎಂದು ಹೊಗಳಿದರು. ಹಿರಿಯ ಹೆಂಗಸು ನನ್ನ ಒಣಗಿದ ಮುಖ ನೋಡಿ ತಲೆ ಆಡಿಸಿದರು. ಮನೆಗೆ ಬಂದು ಸೀರೆ ಮಡಚಿಟ್ಟೆ. ಆಯಿತು, ನಾನು ಇಂಥವಳೇ ಎಂದು ಒಪ್ಪಿಕೊಂಡೆ. ಮಾರನೇ ದಿನ ಕೆಲಸಕ್ಕೆ ಹೋದೆ.

ಏಪ್ರಿಲಿನ ಒಂದು ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಸ್ವೀಡನ್ನಿನವನು ಮನೆಗೆ ಬಂದ. ಹಾಲ್‌ನಲ್ಲಿ ಉಳಿದಿದ್ದ ಇವರ ಮ್ಯೂಸಿಕ್ ಸ್ಟ್ಯಾಂಡ್ ತಂದಿದ್ದ. ಕಾಫಿ ಕೊಟ್ಟೆ. ಅವನು ಕೋಟಿನ ಜೇಬಿನಿಂದ ಒಂದು ಹಾಳೆ ತೆಗೆದು ಮೇಜಿನ ಮೇಲಿಟ್ಟು, ಆ ಹಾಡನ್ನು ಇಂಗ್ಲಿಷಿಗೆ ಮಾಡಿ ತಂದಿದ್ದೇನೆ, ಓದುತ್ತೇನೆ, ಮುಗಿಯುವವರೆಗೆ ಏನೂ ಹೇಳಬೇಡಿ ಎಂದ. ಅದೇ ಕಲ್ಲಿನ ಮುಖ.

ಓದಿದ. ಒಬ್ಬ ಮನುಷ್ಯನ ಎಡಗಾಲಿನ ರಬ್ಬರ್ ಬೂಟು ಮಂಗಳವಾರ ಬೆಳಿಗ್ಗೆ ಒಂದು ಮಾತೂ ಹೇಳದೆ ಮನೆ ಬಿಟ್ಟು ಹೋಗುತ್ತದೆ. ಅವನು ಮುನಿಸಿಪಾಲಿಟಿಗೆ ಅರ್ಜಿ ಹಾಕುತ್ತಾನೆ. ಮುನಿಸಿಪಾಲಿಟಿಯವರು ಏಳು ಜನರ ಸಮಿತಿ ಮಾಡುತ್ತಾರೆ, ಅದರಲ್ಲಿ ಒಬ್ಬ ಬಲಗಾಲಿನ ತಜ್ಞ. ನಾನು ಉಸಿರಿನ ಜಾಗ ತಿದ್ದಿ ತಿದ್ದಿ ಕಲಿಸಿದ, ಪಾದ್ರಿಗಳು ಕಣ್ಣು ಮುಚ್ಚಿ ಕೇಳಿದ, ಅರವತ್ತು ಜನ ನಾಲ್ಕು ಸ್ವರದಲ್ಲಿ ಅತ್ತುಕೊಂಡು ಹಾಡಿದ ಆ ಪಲ್ಲವಿ ಹೀಗಿತ್ತು: ನಿಮ್ಮ ಅರ್ಜಿ ನಮಗೆ ತಲುಪಿದೆ, ಪರಿಶೀಲನೆಯಲ್ಲಿದೆ, ದಯವಿಟ್ಟು ಫೋನ್ ಮಾಡಬೇಡಿ.

ನನಗೆ ಮೈಯೆಲ್ಲ ಉರಿಯಿತು. ಓದಬೇಡ ಎನ್ನುವಂತೆ ಅವನ ಕಡೆ ಕೈ ಎತ್ತಿದೆ. ಸತ್ತವನ ಪ್ರಾರ್ಥನೆಯಲ್ಲಿ ಇದನ್ನು ಹಾಡಿಸಿದಿರಾ, ನನ್ನನ್ನು ಅಷ್ಟು ಜನರ ಮುಂದೆ ಮಂಗ ಮಾಡಿದಿರಾ, ಎಂಥ ಮನುಷ್ಯರು ನೀವು ಎಂದು ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಅವನು ತಲೆ ತಗ್ಗಿಸಿ ಕೇಳಿಸಿಕೊಂಡ. ಆಮೇಲೆ ನಿಧಾನವಾಗಿ ಹೇಳಿದ. ಅವರ ಕಡೆ ಇಂಥ ಹಾಡುಗಳು ಇವೆಯಂತೆ. ರಾಗ ಸಾವಿನ ಮನೆಯದು, ಮಾತು ಪೂರ್ತಿ ತಲೆಕೆಟ್ಟದ್ದು. ಕಚೇರಿ, ಸಮಿತಿ, ದೊಡ್ಡ ಮನುಷ್ಯರು, ಎಲ್ಲರನ್ನೂ ಗೇಲಿ ಮಾಡುವುದು, ಆದರೆ ಹಾಡುವವನೂ ಕೇಳುವವನೂ ನಗಬಾರದು. ಆ ಹಾಲ್‌ನಲ್ಲಿ ಒಂದು ನಿಯಮ, ನಕ್ಕವರು ಎಲ್ಲರ ಕಪ್ ತೊಳೆಯಬೇಕು. ಇವರಿಗೆ ಹಾಡಿನ ಅರ್ಥ ಮೊದಲ ದಿನದಿಂದ ಗೊತ್ತಿತ್ತು. ನಾನು ಅದನ್ನು ಕೀರ್ತನೆ ಎಂದು ತಿಳಿದದ್ದು ಇವರಿಗೆ ಎಂಥ ಸಂತೋಷ ಕೊಟ್ಟಿತ್ತೆಂದರೆ, ಒಂದು ವರ್ಷ ದಿನಾ ವ್ಯಾನಿನಲ್ಲಿ ಅದೇ ಮಾತಂತೆ. ಬರುವ ಮೇ ತಿಂಗಳು ನನ್ನ ಹುಟ್ಟುಹಬ್ಬಕ್ಕೆ ಹಾಲ್‌ಗೆ ಕರೆದುಕೊಂಡು ಹೋಗಿ, ವೇದಿಕೆಯ ಮೇಲೆ ನಿಲ್ಲಿಸಿ, ಸಾಲು ಸಾಲಾಗಿ ಕನ್ನಡದಲ್ಲಿ ಅರ್ಥ ಹೇಳುವ ಯೋಚನೆ ಇತ್ತು. ಅಲ್ಲಿಯವರೆಗೆ ಬಾಯಿ ಬಿಡುವುದಿಲ್ಲ ಎಂದು ಅವನಿಂದ ಮಾತು ತೆಗೆದುಕೊಂಡಿದ್ದರು.

"ಅದು ಅವನ ಜೋಕ್. ನೀವು ಫೋನ್ ಮಾಡಿದಾಗ ಹೇಳಿಬಿಡೋಣ ಅಂದುಕೊಂಡೆ. ಆದರೆ ಅದನ್ನು ಹಾಳು ಮಾಡಲು ನಾನು ಯಾರು?" ಎಂದ. ಆಮೇಲೆ, "ಅರವತ್ತು ಜನ, ಒಬ್ಬರೂ ನಗಲಿಲ್ಲ. ಮೂವತ್ತು ವರ್ಷದಲ್ಲಿ ನಾವು ಅಂಥ ಸಭೆ ಕಂಡಿಲ್ಲ. ನಾವೇ ಮೂವರು ಸೋತೆವು" ಎಂದ.

ನಾನು ಅವನ ಕಪ್ಪಿಗೆ ಇನ್ನಷ್ಟು ಕಾಫಿ ಬಗ್ಗಿಸಿದೆ. ಸಿಟ್ಟು ಇಳಿದಿತ್ತೋ ಇಲ್ಲವೋ ಗೊತ್ತಿಲ್ಲ. ಮೂರನೇ ಚರಣ ಉಳಿದಿದೆ, ಓದಲೇ ಎಂದು ಕೇಳಿದ. ಓದು ಎಂದೆ.

ಮೂರನೇ ಚರಣದಲ್ಲಿ ಸಮಿತಿಯ ಏಳೂ ಜನ ಅವನ ಮನೆಗೆ ಬರುತ್ತಾರೆ. ಕಾಫಿ ಕುಡಿಯುತ್ತಾರೆ. ಬಾಗಿಲ ಹತ್ತಿರ ಒಂಟಿಯಾಗಿ ಉಳಿದ ಬಲಗಾಲಿನ ಬೂಟನ್ನು ಸುತ್ತುವರಿದು ನಿಲ್ಲುತ್ತಾರೆ. ಎಡದವನ ಜೊತೆ ಚೆನ್ನಾಗಿದ್ದೆಯಾ ಎಂದು ಕೇಳುತ್ತಾರೆ. ಬೂಟು ಸುಮ್ಮನಿರುತ್ತದೆ. ಅತ್ತೆಯಾ ಎಂದು ಕೇಳುತ್ತಾರೆ. ಸುಮ್ಮನಿರುತ್ತದೆ. ಬಗ್ಗಿ, ಒಳಗೆ ಕೈ ಹಾಕಿ, ಒದ್ದೆ ಇದೆಯಾ ಎಂದು ನೋಡುತ್ತಾರೆ. ಆಮೇಲೆ ವರದಿಯಲ್ಲಿ ಬರೆಯುತ್ತಾರೆ: ಉಳಿದ ಬೂಟಿನಲ್ಲಿ ದುಃಖ ಕಂಡುಬಂದಿಲ್ಲ.

ನನ್ನ ಕಣ್ಣ ಮುಂದೆ ಡಬ್ಬಿ ಹಿಡಿದ ಸಭೆಯ ಹೆಂಗಸರು ಬಂದರು, ಬಾಗಿಲಲ್ಲಿ ಬೂಟು ಹಾಕಿಕೊಳ್ಳುತ್ತಿದ್ದವರು. ಅವರೇ ಕಣ್ಣೊರೆಸಿಕೊಳ್ಳುತ್ತ ಇದನ್ನು ಹಾಡಿದ್ದರು. ನಾನೇ ಎದುರು ನಿಂತು ಕೈ ಬೀಸಿ ಹಾಡಿಸಿದ್ದೆ. ಮುನ್ನೂರರ ಆಚೆ ಎಲ್ಲೋ ಉಂಟು. ಮೊದಲು ಮೂಗಿನಿಂದ ಸಣ್ಣ ಸದ್ದು ಬಂತು. ಆಮೇಲೆ ತಡೆಯಲಾಗಲಿಲ್ಲ. ಮೇಜಿನ ಮೇಲೆ ಹಣೆ ಇಟ್ಟು, ಹೊಟ್ಟೆ ಹಿಡಿದುಕೊಂಡು ನಕ್ಕೆ. ಇವರು ಒಂದು ವರ್ಷ ಬಚ್ಚಿಟ್ಟು ಕಾಪಾಡಿದ ಜೋಕ್, ಇವರು ಎಣಿಸಿದ್ದಕ್ಕಿಂತ ಹತ್ತು ಪಾಲು ದೊಡ್ಡದಾಗಿ, ಪಾದ್ರಿಗಳ ಸಮೇತ ನಡೆದುಹೋಗಿತ್ತು. ಇದನ್ನು ಇವರಿಗೆ ಹೇಳಬೇಕು. ಎದ್ದು, ನಗುತ್ತಲೇ, ಗರಾಜಿನ ಬಾಗಿಲ ಕಡೆ ತಿರುಗಿ ಕರೆದೆ.

"ಕೇಳಿದ್ರಾ?"

ಪಿಟೀಲು ನಿಲ್ಲಲಿಲ್ಲ. ನಿಲ್ಲಲಿಕ್ಕೆ ಅಲ್ಲಿ ಪಿಟೀಲು ನುಡಿಯುತ್ತಿರಲಿಲ್ಲ. ಇಷ್ಟು ದೊಡ್ಡ ಸುದ್ದಿ ಬಾಯಲ್ಲಿಟ್ಟುಕೊಂಡು ನಾನು ನಿಂತಿದ್ದೆ, ಕೇಳಬೇಕಾದ ಒಬ್ಬ ಮನುಷ್ಯ ಮನೆಯಲ್ಲಿರಲಿಲ್ಲ. ಇನ್ನು ಬರುವುದಿಲ್ಲ ಎಂದು ನನಗೆ ಗೊತ್ತಾದದ್ದು ಆಗ. ಆಸ್ಪತ್ರೆಯಲ್ಲಿ ಅಲ್ಲ, ಮಣ್ಣು ಮಾಡುವಾಗ ಅಲ್ಲ. ಬಾಗಿಲ ಚೌಕಟ್ಟು ಹಿಡಿದುಕೊಂಡೆ. ಅಳು ಬಂತು. ಹೇಗೆ ಬಂತೆಂದರೆ, ಎರಡು ತಿಂಗಳದ್ದು ಒಟ್ಟಿಗೆ ಬಂತು, ಸದ್ದು ಮಾಡಿಕೊಂಡು ಬಂತು, ಅಸಹ್ಯವಾಗಿ ಬಂತು. ಪಕ್ಕದ ಮನೆಯವರಿಗೆ ಕೇಳಿಸಿರಬೇಕು.

ಸ್ವೀಡನ್ನಿನವನು ಎದ್ದು ಬರಲಿಲ್ಲ, ಸಮಾಧಾನ ಹೇಳಲಿಲ್ಲ. ಕಿಟಕಿಯ ಕಡೆ ನೋಡುತ್ತ ಕೂತಿದ್ದ. ನನ್ನ ಬಿಕ್ಕು ಒಂದು ಹದಕ್ಕೆ ಬಂದ ಮೇಲೆ ತನ್ನ ಖಾಲಿ ಕಪ್ಪನ್ನು ಮೇಜಿನ ಮೇಲೆ ನನ್ನ ಕಡೆಗೆ ಮೆಲ್ಲಗೆ ತಳ್ಳಿದ. ಮುಖದಲ್ಲಿ ಒಂದು ಗೆರೆಯೂ ಕದಲಲಿಲ್ಲ.

"ಮೊದಲು ನಕ್ಕವರು ನೀವು" ಎಂದ.

ನಾನು ಸೆರಗಿನಿಂದ ಮೂಗು ಒರೆಸಿಕೊಂಡೆ. ಎರಡೂ ಕಪ್ ಎತ್ತಿಕೊಂಡು ಸಿಂಕಿನ ಹತ್ತಿರ ಹೋಗಿ, ಅಳುತ್ತಲೇ ತೊಳೆದೆ.